ಅವರೆ ಕಾಳಿನ ಐದು ಸರ

ಉಣಕಲ್ಲಿನ ರಜನಿಯ ಕಣ್ಣಿಗೆ ಬಿದ್ದು ಒಡವೆಯಾಗದೆ ಉಳಿದ ವಸ್ತು ಈ ಭೂಮಿಯ ಮೇಲೆ ಇರಲಿಲ್ಲ. ಸೋಡಾ ಬಾಟ್ಲಿಯ ಮುಚ್ಚಳ ಜುಮಕಿ ಆಯಿತು, ಹುಣಸೆ ಬೀಜ ಡಾಬಾಯಿತು. ಗಂಡ ಕುಮಾರಸ್ವಾಮಿ ಅಂಗಿಗೆ ಗುಂಡಿ ಹಾಕಿಕೊಂಡು ಆರು ವರ್ಷವಾಗಿತ್ತು. ಗುಂಡಿಗಳೆಲ್ಲ ಯಾರ್‍ಯಾರದೋ ಕೊರಳಲ್ಲಿ. ದೇಶಪಾಂಡೆ ನಗರದ ಪ್ರದರ್ಶನಕ್ಕೆ ಅವಳು ಬುಟ್ಟಿ ಹೊತ್ತು ಬಂದರೆ ಬಂಗಾರದಂಗಡಿಯವರು ಬಾಗಿಲೆಳೆದು ಮನೆಗೆ ಹೋಗುತ್ತಿದ್ದರು. ಸುಳ್ಳಲ್ಲ, ಬೇಕಾದರೆ ಕೇಳಿ ನೋಡ್ರಿ.

ಅಂಥವಳ ಕಣ್ಣು ಒಂದು ದಿನ ಅಡಿಗೆಮನೆಯ ಅಟ್ಟದ ಗಡಿಗೆಯ ಮೇಲೆ ಬಿತ್ತು. ಒಳಗೆ ಬೂದಿ, ಬೂದಿಯಲ್ಲಿ ಎರಡು ಹಿಡಿ ಅವರೆ ಕಾಳು. ಒರೆಸಿದರೆ ಕೆಂಪಿನ ಮೇಲೆ ಕಪ್ಪು ಗೆರೆ, ನವಿಲು ನಾಚಿ ಗರಿ ಮುಚ್ಚಬೇಕು. ಅತ್ತೆ ಬಾಳವ್ವ ಮಗಳ ಬಾಣಂತನಕ್ಕೆಂದು ಗದಗಿಗೆ ಹೋಗಿದ್ದಳು. ಒಂದು ಮಾತು ಕೇಳಬೇಕೆಂದು ರಜನಿ ಫೋನು ಎತ್ತಿಕೊಂಡದ್ದು ಖರೇ. ಹಳೇ ಕಾಳಿಗೇನು ಕೇಳುವುದೆಂದು ಕೆಳಗಿಟ್ಟದ್ದೂ ಖರೇ. ಹುಳ ಬೀಳದಿರಲೆಂದು ಕುದಿಯುವ ನೀರಿಗೆ ಹಾಕಿ ತೆಗೆದು, ತೂತು ಹೊಡೆದು, ವಾರ್ನಿಶ್ ಬಳಿದು ಐದು ಸರ ಪೋಣಿಸಿದಳು. ಐದೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾರಿಹೋದವು.

ಬಿತ್ತನೆಯ ಮಿರಗದ ಮಳೆಗೆ ಎಂಟು ದಿನ ಇರುವಾಗ ಬಾಳವ್ವ ಬಂದಳು. ಹಿತ್ತಲಲ್ಲಿ ಕುಣಿ ತೋಡಿ, ಗಡಿಗೆ ಇಳಿಸಿ, ಬೂದಿಯಲ್ಲಿ ಕೈಯಾಡಿಸಿದಳು. ಆ ಬೀಜ ಅವಳ ಅವ್ವ ಉಡಿಯಲ್ಲಿ ಕಟ್ಟಿ ಕಳಿಸಿದ್ದು. ನಲವತ್ತು ವರ್ಷ ಬಿತ್ತಿ, ಬೆಳೆದು, ಮತ್ತೆ ಬೂದಿಯಲ್ಲಿ ಕಾಪಾಡಿದ್ದು. ಈಗ ಅದು ತವರಿನಲ್ಲೂ ಉಳಿದಿರಲಿಲ್ಲ.

ರಜನಿ ನಡೆದದ್ದನ್ನೆಲ್ಲ ಹೇಳಿದಳು. ಬೈಗುಳದಿಂದಲೇ ಉಣಕಲ್ ಕೆರೆಯ ಮೀನನ್ನು ದಡ ಹತ್ತಿಸಬಲ್ಲ ಬಾಳವ್ವ ಬೈಯಲಿಲ್ಲ.

"ಕುದಿ ನೀರಿಗೆ ಹಾಕಿದ್ಯೇನು?" ಎಂದಳು.

"ಹೂಂ ಅತ್ತಿ."

"ಬರೇ ತೂತಾಗಿದ್ರ ಒಂದಾದ್ರೂ ಏಳತಿತ್ತೋ ಏನೋ."

ರಜನಿ ಊರೆಲ್ಲ ತಿರುಗಿ ಮೂರು ಸರ ವಾಪಸ್ ತಂದಳು. ಒಂದಕ್ಕಂತೂ ತನ್ನ ಕಿವಿಯ ಬೆಳ್ಳಿ ಬೆಂಡೋಲಿಯನ್ನೇ ಬದಲು ಕೊಟ್ಟಳು. ವಾರ್ನಿಶ್ ಕೆರೆದು, ನೆನೆಹಾಕಿ, ಕಾಳು ಊರಿದಳು; ದಿನಕ್ಕೆ ನೂರು ಸಲ ಮಣ್ಣು ಕೆದರಿ ನೋಡಿದಳು. ಮಳೆ ಬಂತು. ಬೇಡದ ಹುಲ್ಲೆಲ್ಲ ಎದ್ದಿತು, ಕಾಳು ಕೊಳೆತವು.

ಕಡೆಗೆ ಪೇಟೆಯ ಪಾಕೀಟು ಬೀಜ ಹಾಕಿದರು. ಬಳ್ಳಿ ಚಪ್ಪರ ಮುರಿಯುವಂತೆ ಹಬ್ಬಿತು. ಮೊದಲ ಕಾಯಿಯ ಪಲ್ಯ ಬಡಿಸಿ ರಜನಿ ರೊಟ್ಟಿ ಬುಟ್ಟಿ ಹಿಡಿದು ನಿಂತಳು. ಬಾಳವ್ವ ಜನ್ಮದಲ್ಲಿ ಯಾವ ಪಲ್ಯಕ್ಕೂ ಹೆಸರಿಟ್ಟು ಕೊಂಕು ತೆಗೆಯದೆ ಉಂಡವಳಲ್ಲ. ಅಂದು ರೊಟ್ಟಿ ಮುರಿದು, ತುತ್ತು ನುಂಗಿ, "ಛಲೋ ಆಗೇತಿ" ಅಂದಳು. ರಜನಿ ಇನ್ನೊಂದು ರೊಟ್ಟಿ ಹಾಕಲು ಬಾಗಿದರೆ, ತಾಟಿಗೆ ಕೈ ಅಡ್ಡ ಹಿಡಿದಳು.