ಭಾಮೈದನ ಸಾಲ, ಭಾವನ ಚೆಕ್ಕು

ನಮ್ಮ ಬೀದಿಯ ಟೈಲರ್ ನೆಟ್ಟಗೆ ಒಂದು ಹೊಲಿಗೆ ಹಾಕಿ ಎರಡು ವಾರವಾಗುತ್ತಾ ಬಂತು. ಅಂಗಡಿಯ ಮುಂದೆ ಬೈಕ್ ನಿಂತರೆ ಸಾಕು, ಬೆಚ್ಚಿ ತಲೆ ಎತ್ತುತ್ತಾನೆ. ನಿನ್ನೆ ಯಾರದೋ ಅಂಗಿಗೆ ಎಡತೋಳಿನ ಜಾಗದಲ್ಲಿ ಬಲತೋಳು ಕೂರಿಸಿಟ್ಟಿದ್ದ. ಪಕ್ಕದಲ್ಲೇ ಕೂತು ಗುಂಡಿ ಹೊಲಿಯುವ ಹೆಂಡತಿ ನೋಡಿ ನೋಡಿ ಸಾಕಾಗಿದ್ದಳು.

"ಏನಾಗಿದೆ ರೀ ನಿಮಗೆ?"

"ಏನಿಲ್ಲ, ಸೆಕೆ."

ಸೆಕೆಯೂ ಇಲ್ಲ, ಮಣ್ಣೂ ಇಲ್ಲ. ಅಷ್ಟರಲ್ಲಿ ಕಪ್ಪು ಕೋಟು ಸರಿಮಾಡಿಸಲು ಕೊಟ್ಟಿದ್ದ ವಕೀಲೆ ಬಂದರು. ಕೋಟಿಗೆ ಗುರುತು ಹಾಕಲು ಚಾಕ್ ಬೇಕಾಗಿ ಹೆಂಡತಿ ಮಿಷನ್ನಿನ ಡ್ರಾಯರ್ ಎಳೆದಳು. ದಾರದುಂಡೆಗಳ ಕೆಳಗಿಂದ ಒಂದು ನೋಟಿಸ್ ಹೊರಬಂತು.

"ಇದೇನ್ರೀ ಇದು?"

ಟೈಲರ್ ಬಾಯಿಬಿಡಲೇಬೇಕಾಯಿತು. ಅವಳ ತಮ್ಮ ಬಟ್ಟೆ ಒಗೆಯುವ ಅಂಗಡಿ ಇಡಲು ಫೈನಾನ್ಸಿನಲ್ಲಿ ಸಾಲ ಮಾಡಿದ್ದ. ಜಾಮೀನು ನಿಂತವನು ಈ ಭಾವ. ಭದ್ರತೆಗೆಂದು ಮೂರು ಖಾಲಿ ಚೆಕ್ಕುಗಳಿಗೂ ಸಹಿ ಹಾಕಿ ಕೊಟ್ಟಿದ್ದ. ಆ ತಮ್ಮ ಕಂತು ಕಟ್ಟುವುದನ್ನು ನಿಲ್ಲಿಸಿದ. ಫೈನಾನ್ಸಿನವರು ಫೋನ್ ಮಾಡಿದಾಗ ನಮ್ಮ ಟೈಲರ್ ಭಾರಿ ಬುದ್ಧಿ ಓಡಿಸಿ, ತನ್ನ ಖಾತೆಯ ಹಣವನ್ನೆಲ್ಲ ತೆಗೆದು ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟ!

"ದುಡ್ಡೇ ಇಲ್ದಿದ್ರೆ ಚೆಕ್ಕು ಇಟ್ಕೊಂಡು ಏನ್ ಮಾಡ್ತಾರೆ? ಫ್ರೇಮ್ ಹಾಕ್ಸಿ ಗೋಡೆಗೆ ತೂಗುಹಾಕ್ಕೊಳ್ಳಲಿ ಅಂದ್ಕೊಂಡೆ, ಮೇಡಂ."

"ಎಡವಟ್ಟಾಗಿದ್ದೇ ಅಲ್ಲಿ," ಎಂದರು ವಕೀಲೆ, ನೋಟಿಸ್ ಮೇಲೆ ಕಣ್ಣಾಡಿಸಿ. "ಅವರು ಒಂದು ಚೆಕ್ ಬ್ಯಾಂಕಿಗೆ ಹಾಕಿದ್ದಾರೆ. ಖಾತೆ ಖಾಲಿ ಇದ್ದಿದ್ದಕ್ಕೇ ಅದು ಬೌನ್ಸ್ ಆಗಿದೆ."

"ಸಾಲ ನನ್ನದಲ್ವಲ್ಲ!"

"ಜಾಮೀನು ನಿಂತೋರೂ ಸಾಲಗಾರನಷ್ಟೇ ಹೊಣೆ. ಚೆಕ್ ಮೇಲೆ ಸಹಿ ಯಾರದು? ನಿಮ್ಮದು. ಸಾಲ ಬಾಕಿ ಇದ್ದಾಗ ಅದು ವಾಪಸ್ ಬಂದ್ರೆ, ಕ್ರಿಮಿನಲ್ ಕೇಸು ನಿಮ್ಮ ಮೇಲೇ ಬೀಳುತ್ತೆ."

"ಬರೀ ಭದ್ರತೆಗೆ ಕೊಟ್ಟಿದ್ದು ಮೇಡಂ. ನಾವು ಕಚ್ಚಾ ಹೊಲಿಗೆ ಹಾಕಿ ಆಮೇಲೆ ಬಿಚ್ಚಲ್ವಾ, ಹಾಗೆ."

"ಬಿಚ್ಚೋದು ಸಾಲ ತೀರಿದ ಮೇಲೆ. ಕಂತು ತಪ್ಪಿದ್ರೆ ಅದೇ ಗಟ್ಟಿ ಹೊಲಿಗೆ."

ವಕೀಲೆ ನೋಟಿಸ್ ಕೈಗೆ ಬಂದ ದಿನ ಯಾವುದೆಂದು ಕೇಳಿ ಲೆಕ್ಕ ಹಾಕಿದರು. "ಅಲ್ಲಿಂದ ಹದಿನೈದು ದಿನ ಗಡುವು, ಅದು ನಾಳೆ ಸಂಜೆಗೆ ಮುಗಿಯುತ್ತೆ. ಅಷ್ಟರೊಳಗೆ ಈ ಚೆಕ್ಕಿನ ಹಣ ಪೂರ್ತಿ ಕಟ್ಟಿ ರಸೀದಿ ತಗೊಳ್ಳಿ. ಕೇಸು ತಪ್ಪುತ್ತೆ."

ಹೆಂಡತಿಯ ಕಣ್ಣು ತುಂಬಿತು. "ನನಗೊಂದು ಮಾತು ಹೇಳ್ಬಾರದಿತ್ತಾ?"

"ನಿನ್ನ ತಮ್ಮ ಅಲ್ವಾ, ನಿನಗೆ ನೋವಾಗುತ್ತೆ ಅಂತ..."

"ನೀವು ಜೈಲಿಗೆ ಹೋಗಿದ್ರೆ ಖುಷಿ ಆಗ್ತಿತ್ತಾ?"

ಅವಳು ತಮ್ಮನಿಗೆ ಫೋನ್ ಹಚ್ಚಿದಳು. ವ್ಯಾಪಾರ ಡಲ್ಲು ಅಕ್ಕ, ಎಂದು ಅವನು ರಾಗ ಎಳೆದ. "ನಿನ್ನ ರಾಗ ಸಾಕು. ಕಂತು ಬಿಟ್ಟು ತಗೊಂಡ್ಯಲ್ಲ, ಆ ಹೊಸ ಬೈಕ್ ಮಾರಿ ದುಡ್ಡು ತಗೊಂಡು ಬಾ. ಇಲ್ಲಾಂದ್ರೆ ಅಕ್ಕ ಅಂತ ಬಾಗಿಲಿಗೆ ಬರಬೇಡ!"

ಮರುದಿನ ಗಂಡ, ಹೆಂಡತಿ, ತಮ್ಮ ಮೂವರೂ ನಿಂತಲ್ಲಿ ನಿಲ್ಲಲಿಲ್ಲ. ಬೈಕಿನ ದುಡ್ಡು, ಗುಂಡಿ ಡಬ್ಬಿಯ ದುಡ್ಡು ಎರಡೂ ಸೇರಿಸಿ, ಫೈನಾನ್ಸಿನ ಬಾಗಿಲು ಮುಚ್ಚುವ ಹೊತ್ತಿಗೆ ಓಡಿಹೋಗಿ ಕಟ್ಟಿದರು.

"ಅಂತೂ ಮುಗೀತಲ್ಲ ಭಾವ," ಎಂದ ತಮ್ಮ.

"ಎಲ್ಲಿ ಮುಗೀತೋ? ನಿನ್ನ ಕಂತು ಇನ್ನೂ ಇದೆ. ನನ್ನ ಸಹಿ ಇರೋ ಎರಡು ಚೆಕ್ಕು ಅವರ ಹತ್ರಾನೇ ಇವೆ."

ಈಗ ತಮ್ಮ ಪ್ರತಿ ತಿಂಗಳೂ ಕಂತಿನ ರಸೀದಿ ತಂದು ಅಕ್ಕನಿಗೆ ತೋರಿಸಬೇಕು. ಆದರೂ ಅಂಗಡಿಯ ಮುಂದೆ ಬೈಕ್ ನಿಂತರೆ, ಫೈನಾನ್ಸಿನವರೇ ಏನೋ ಎಂದು ಟೈಲರ್ ತಲೆ ಎತ್ತುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮವರ ಕೈ ಬಿಡಿ ಎಂದು ನಾನು ಹೇಳುತ್ತಿಲ್ಲ. ಅವರು ಕಟ್ಟದಿದ್ದರೆ ನಾನು ಕಟ್ಟಬಲ್ಲೆನೇ ಎಂದು ಮೊದಲು ಕೇಳಿಕೊಳ್ಳಿ, ಆಮೇಲೆ ಜಾಮೀನು ನಿಲ್ಲಿ. ಖಾಲಿ ಚೆಕ್ಕಿಗೆ ಸಹಿ ಬೇಡವೇ ಬೇಡ. ಸಾಲ ತೀರಿದ ದಿನವೇ ಚೆಕ್ಕು ವಾಪಸ್ ಕೇಳಿ ಪಡೆಯಿರಿ. ನೋಟಿಸ್ ಬಂದರೆ ಬಚ್ಚಿಡದೆ ಅಂದೇ ವಕೀಲರಿಗೋ ಕಾನೂನು ನೆರವಿನ ಕಚೇರಿಗೋ ತೋರಿಸಿ. ಈಗ ನೆನಪು ಮಾಡಿಕೊಳ್ಳಿ, ನೀವು ಸಹಿ ಹಾಕಿದ ಚೆಕ್ಕು ಯಾರ ಬಳಿಯಾದರೂ ಇದೆಯೇ? ಇದ್ದರೆ ಇವತ್ತು ಮನೆಯವರಿಗೆ ಹೇಳಿಯೇ ಮಲಗಿ.