ಬಾಗಿಲ ಮೇಲಿನ ಲೋಳೆಸರ

೧೯೯೯ರ ಮಾಘ ಮಾಸ. ನಿಶ್ಚಿತಾರ್ಥಕ್ಕೆ ಒಂದೇ ದಿನ ಉಳಿದಿರುವಾಗ ಕೆಂಪರಾಜ್‌ನ ಮುಖ ಸುಟ್ಟ ಹಪ್ಪಳದಂತಾಗಿತ್ತು. ಬೆಳ್ಳಗಾಗಲೆಂದು ಯಾರಿಗೂ ಹೇಳದೆ ಬ್ಲೀಚ್ ಹಚ್ಚಿಕೊಂಡಿದ್ದ. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಬಿಳುಪು ಎಂಬುದು ಅವನ ಲೆಕ್ಕ. ಈಗ ಕೆನ್ನೆ ಕೆಂಪಗಾಗಿ, ಚರ್ಮ ಬಿಗಿದು ಸಿಪ್ಪೆ ಏಳುತ್ತಿತ್ತು. ನಾಳೆ ಹಲಸೂರಿನ ಹೆಣ್ಣಿನ ಮನೆಯಲ್ಲಿ ಭವ್ಯಳ ಪಕ್ಕ ಈ ಮುಖ ಹೊತ್ತು ಕೂರಬೇಕು. ಅವಳು ಇವನನ್ನು ನೋಡಿದ್ದು ಒಂದೇ ಸಲ. ಎರಡನೆಯ ಸಲಕ್ಕೇ ಬೇಡವೆಂದುಬಿಟ್ಟರೆ?

ಕಮರ್ಷಿಯಲ್ ಸ್ಟ್ರೀಟಿನಿಂದ ದುಬಾರಿ ಲೋಷನ್ ತಂದು ತಂಗಿ ದಿವ್ಯಳ ಮುಂದಿಟ್ಟ. ಬಿ.ಎಸ್ಸಿ. ಓದುತ್ತಿದ್ದ ದಿವ್ಯ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಮರುಭೂಮಿಯ ಅಪರೂಪದ ಗಿಡದ ಸಾರ, ಚರ್ಮದ ತೇವ ಕಾಪಾಡುತ್ತಂತೆ. ಅಣ್ಣ, ಅಷ್ಟು ಅಪರೂಪದ್ದು ನಮ್ಮನೆ ಬಾಗಿಲ ಮೇಲೆ ತಲೆಕೆಳಗಾಗಿ ನೇತಾಡ್ತಿದೆ. ಲೋಳೆಸರ ಕಣೋ!”

ಸುಗಂಧ ಬೆರೆಸಿದ ಆ ಲೋಷನ್ ಸುಲಿದ ಚರ್ಮಕ್ಕೆ ತಗಲಿದ್ದೇ ಕೆಂಪರಾಜ್ ಉರಿ ತಾಳದೆ ಕುಣಿದಾಡಿದ. ಬರಿಯ ಲೋಳೆಯೇ ಬೇಕಾಯಿತು. ಬೈಯಪ್ಪನಹಳ್ಳಿಯ ಅವರ ಹಿತ್ತಲ ಬೇಲಿಯುದ್ದಕ್ಕೂ ಹಿಂದೆ ಲೋಳೆಸರ ಬೆಳೆದಿತ್ತು. ಬಾಡಿಗೆ ರೂಮು ಕಟ್ಟುವಾಗ ಎಲ್ಲ ಕಿತ್ತಿದ್ದರು. ಉಳಿದದ್ದು ದೃಷ್ಟಿಗೆ ಕಟ್ಟಿದ್ದೊಂದೇ. ಮಣ್ಣು, ನೀರು ಎರಡೂ ಇಲ್ಲದೆ, ಬೇರು ಮೇಲಾಗಿ, ತಿಂಗಳುಗಟ್ಟಲೆ ಹಸಿರಾಗಿಯೇ ಇತ್ತು.

ತಾಯಿ ರಾಮಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತರು. “ಮುಟ್ಟಿದ್ರೆ ನೋಡು! ಬೀದಿಯೋರ ಕಣ್ಣೆಲ್ಲ ಕುಡ್ದಿರೋ ಗಿಡ ಅದು. ಮುಖಕ್ಕೆ ಬಳ್ಕೋತಾನಂತೆ!”

“ನಾಲ್ಕು ಜನ ನೋಡ್ಲಿ ಅಂತಾನೇ ಅಲ್ವೇನಮ್ಮ ನಿನ್ ಮಗ ಬ್ಲೀಚ್ ಹಾಕ್ಕೊಂಡಿದ್ದು? ಈಗ ಯಾರೂ ಅವ್ನ ಮುಖದಿಂದ ಕಣ್ಣೇ ತೆಗಿಯಲ್ಲ ಬಿಡು,” ಎಂದಳು ದಿವ್ಯ.

“ನಗಿಸ್ಬೇಡ ಕಣೇ, ಉರಿಯುತ್ತೆ,” ಎಂದ ಕೆಂಪರಾಜ್. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ರಾಮಲಕ್ಷ್ಮಮ್ಮ ಮಗನ ಮುಖವನ್ನು ಒಂದು ಗಳಿಗೆ ನೋಡಿದರು. “ಕಣ್ಣು ಬಿದ್ದಾಗಿದೆ. ಇನ್ನು ಕಾಯೋದೇನು,” ಎಂದು ತಾವೇ ಸ್ಟೂಲ್ ಹತ್ತಿ ಒಂದು ಎಲೆ ಕುಯ್ದರು. ಕುಯ್ದ ಗುರುತು ಬೀದಿಗೆ ಕಾಣದಂತೆ ಗಿಡವನ್ನು ಗೋಡೆಯ ಕಡೆ ತಿರುಗಿಸಿ ಕಟ್ಟಿದರು. ತುರಿಕೆ ತರಿಸುವ ಹಳದಿ ರಸವೆಲ್ಲ ಸೋರಿಹೋಗುವವರೆಗೆ ದಿವ್ಯ ಎಲೆಯನ್ನು ಲೋಟದಲ್ಲಿ ನಿಲ್ಲಿಸಿದಳು. ಆಮೇಲೆ ಲೋಳೆಯನ್ನು ಮೊದಲು ಅಣ್ಣನ ಮುಂಗೈಗೆ ಹಚ್ಚಿ ನೋಡಿದಳು.

ಮರುದಿನಕ್ಕೆ ಉರಿ ತಣಿದಿತ್ತು. ಕೆಂಪು ಮಾತ್ರ ಪೂರ್ತಿ ಹೋಗಿರಲಿಲ್ಲ. ಹಲಸೂರಿನ ಮನೆಯಲ್ಲಿ ಅವನು ತಲೆ ತಗ್ಗಿಸಿಯೇ ಕೂತ. ಭವ್ಯಳನ್ನು ಕರೆತಂದು ಪಕ್ಕದಲ್ಲಿ ಕೂರಿಸಿದರು. ಮೆಲ್ಲಗೆ ತಿರುಗಿದ. ಪೌಡರಿನಡಿಯಲ್ಲಿ ಅವಳ ಕೆನ್ನೆಯೂ ಕೆಂಪಗಿತ್ತು, ಅಲ್ಲಲ್ಲಿ ಸಿಪ್ಪೆ ಎದ್ದಿತ್ತು.

“ಬ್ಲೀಚಾ?” ಅವಳೇ ತುಟಿ ಅಲುಗಿಸದೆ ಕೇಳಿದಳು.

“ಹೂಂ. ನೀವು ಎಷ್ಟು ಹೊತ್ತು ಬಿಟ್ರಿ?”

“ಸೀರಿಯಲ್ ಮುಗಿಯೋವರ್ಗೂ.”

ಪುರೋಹಿತರು ಲಗ್ನಪತ್ರಿಕೆ ಓದುತ್ತಿರುವಾಗ ಗಂಡು ಹೆಣ್ಣು ಹೀಗೆ ಕಿಸಕ್ಕೆಂದದ್ದು ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಹೊರಡುವಾಗ ರಾಮಲಕ್ಷ್ಮಮ್ಮ ತಲೆಯೆತ್ತಿ ನೋಡಿದರು. ಈ ಬಾಗಿಲ ಮೇಲೂ ಲೋಳೆಸರ ಗೋಡೆಯತ್ತ ಮುಖ ಮಾಡಿ ನೇತಾಡುತ್ತಿತ್ತು. ಸುಣ್ಣದ ಮೇಲೆ ಹಳದಿ ರಸದ ಗೆರೆಯೊಂದು ಇಳಿದಿತ್ತು.

“ಬೀಗಿತ್ತಿ ಪರವಾಗಿಲ್ಲ ಕಣೇ,” ಎಂದು ದಿವ್ಯಳ ಕಿವಿಯಲ್ಲಿ ಹೇಳಿದರು. “ತಿರುಗ್ಸಿ ಕಟ್ಟೋದು ಗೊತ್ತು.”