ಮುಷ್ಕರದ ದಿನ

ದರ್ಜಿ ಆ ಊರಿಗೆ ಬಂದು ಆರು ತಿಂಗಳಾಗಿತ್ತು, ಸುದ್ದಿಯ ಹುಚ್ಚು ಹಿಡಿದೂ ಅಷ್ಟೇ ಆಗಿತ್ತು. ಒಂದು ಊರಿನವನಾಗಬೇಕಾದರೆ ಅಲ್ಲಿನ ಸುದ್ದಿ ತಿಳಿದಿರಬೇಕು ಎಂಬುದು ಅವನ ಸಿದ್ಧಾಂತ. ಹಲ್ಲುಜ್ಜುವಾಗ ರೇಡಿಯೊ, ಅಂಗಡಿಯಲ್ಲಿ ಕಾಜಾ ಹೊಲಿಯುವಾಗಲೂ ರೇಡಿಯೊ. ನೀರಿನ ಪೈಪು ಎಲ್ಲಿ ಒಡೆಯಿತು, ಯಾವ ಮಂತ್ರಿ ಯಾರ ಮೇಲೆ ಮುನಿಸಿಕೊಂಡ, ಎಲ್ಲ ನಾಲಗೆಯ ತುದಿಯಲ್ಲಿ. ಪಾಪ, ಅವನ ಸುದ್ದಿ ಮಾತ್ರ ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಅವನ ಸುದ್ದಿ ಇಷ್ಟೇ. ತನ್ನ ದೇಶದಲ್ಲಿ ಬಿಟ್ಟು ಬಂದ ಹೆಂಡತಿ ಬಸುರಿ, ಆರು ತುಂಬಿದೆ. ಏಳು ತುಂಬಿದರೆ ಅವಳನ್ನು ವಿಮಾನ ಹತ್ತಿಸುವುದಿಲ್ಲ. ಅಷ್ಟರೊಳಗೆ ಕರೆಸಿಕೊಳ್ಳಬೇಕಾದರೆ ವಲಸೆ ಕಚೇರಿಯ ಒಪ್ಪಿಗೆ ಪತ್ರ ಬೇಕು. ಮೂರು ತಿಂಗಳು ಕಾಯಿಸಿ ಕಚೇರಿಯವರು ದಿನ ಕೊಟ್ಟಿದ್ದರು: ಬುಧವಾರ, ಬೆಳಿಗ್ಗೆ ಒಂಬತ್ತೂವರೆ, ಮೂರನೆಯ ಕಿಟಕಿ.

ಮಂಗಳವಾರ ಸಂಜೆ ರೇಡಿಯೊ ಹೇಳಿತು: ನಾಳೆ ನೌಕರರ ಮುಷ್ಕರ, ಬಸ್ಸಿಲ್ಲ, ಸರ್ಕಾರಿ ಕಚೇರಿಗಳಿಲ್ಲ.

ಅವನ ಜೊತೆ ಕೋಣೆಯಲ್ಲಿದ್ದವನು ಹೆಂಡತಿಯ ಅಣ್ಣ, ಕ್ಷೌರಿಕ. ಇವನಿಗೆ ಅವನು ಭಾವ, ಅವನಿಗೆ ಇವನು ಭಾವ. ಒಂದೇ ಕೋಣೆಯಲ್ಲಿ ಇಬ್ಬರು ಭಾವಂದಿರು, ಮರ್ಯಾದೆಗೇನೂ ಕೊರತೆಯಿರಲಿಲ್ಲ.

"ನಾಳೆ ಕಚೇರಿ ಇಲ್ವಂತೆ ಭಾವ," ಎಂದು ದರ್ಜಿ ಮುಖ ಸಣ್ಣದು ಮಾಡಿಕೊಂಡ.

"ಇಲ್ಲಿ ಮುಷ್ಕರ ಅಂದ್ರೆ ಸಂಜೆ ಕೂಗಾಟ, ಬೆಳಗಾಗೋಷ್ಟ್ರಲ್ಲಿ ರಾಜಿ. ಎಂಟು ವರ್ಷದಿಂದ ನೋಡ್ತಿದ್ದೀನಿ. ಸುಮ್ನೆ ಹೋಗಿ ಬಾಗಿಲ ಮುಂದೆ ನಿಂತ್ಕೊಳ್ಳಿ."

"ರೇಡಿಯೊದಲ್ಲೇ ಹೇಳಿದ್ರಲ್ಲ."

"ರೇಡಿಯೊದವನೇನು ನಿಮ್ಮ ಸೋದರಮಾವನಾ, ಅಷ್ಟು ನಂಬೋಕೆ?"

"ಅವರೇ ಬಾಗಿಲು ಹಾಕಿದ್ರೆ ಅವರೇ ಬೇರೆ ದಿನ ಕೊಡ್ಬೇಕಲ್ವಾ ಭಾವ?"

ಕ್ಷೌರಿಕ ಗೋಡೆ ಕಡೆ ತಿರುಗಿ ಮಲಗಿದ. ದರ್ಜಿ ಹುಟ್ಟಿದ ಊರಿನಲ್ಲಿ ಮುಷ್ಕರವೆಂದರೆ ಮುಷ್ಕರ. ಅಂಥದೊಂದು ದಿನ ಬೀದಿಗಿಳಿದ ಅವನ ಚಿಕ್ಕಪ್ಪ ತಲೆಗೆ ಕಲ್ಲೇಟು ತಿಂದು ತಿಂಗಳುಗಟ್ಟಲೆ ಮಲಗಿದ್ದ. ಆ ಭಯ ಇವನ ಜೊತೆ ಗಡಿ ದಾಟಿ ಬಂದಿತ್ತು, ಅದಕ್ಕೆ ಯಾವ ಕಚೇರಿಯ ಪತ್ರವೂ ಬೇಕಾಗಿರಲಿಲ್ಲ.

ಬುಧವಾರ ಕ್ಷೌರಿಕ ಬೆಳಿಗ್ಗೆ ಆರಕ್ಕೇ ಅಂಗಡಿಗೆ ಹೋದ. ದರ್ಜಿ ರೇಡಿಯೊ ಮೇಲೆ ಮುನಿಸಿಕೊಂಡು ಅವತ್ತೊಂದು ದಿನ ಅದರ ಕಿವಿ ಹಿಂಡಲಿಲ್ಲ. ಉಳಿದ ತುಂಡು ಬಟ್ಟೆಯಲ್ಲಿ ಮಗುವಿಗೊಂದು ಅಂಗಿ ಹೊಲಿಯುತ್ತ ಕುಳಿತ. ಒಂಬತ್ತೂ ಕಾಲಿಗೆ ಕಿಟಕಿಯ ಗಾಜು ಅದುರಿತು. ಇಣುಕಿದರೆ, ಜನ ಜೋತಾಡುವಷ್ಟು ತುಂಬಿದ ಬಸ್ಸು. ಅದರ ಹಿಂದೆ ಇನ್ನೊಂದು.

ಸಿಕ್ಕಿದ್ದನ್ನು ಹಾಕಿಕೊಂಡು ಓಡಿ ಮುಂದಿನ ಬಸ್ಸಿಗೆ ಜೋತುಬಿದ್ದ.

ಕಚೇರಿ ತಲುಪಿದಾಗ ಹತ್ತೂ ಮುಕ್ಕಾಲು. ಮೂರನೆಯ ಕಿಟಕಿಯ ಗುಮಾಸ್ತೆಗೆ ನೆಗಡಿಯಾಗಿತ್ತು. "ಮೂರು ಸಲ ಕೂಗಿದ್ವಿ. ನೀವು ಬರ್ಲಿಲ್ಲ ಅಂತ ಬರ್ಕೊಂಡಾಯ್ತು," ಎಂದಳು.

"ಮುಷ್ಕರ ಅಂತ ಸುದ್ದೀಲಿ..."

"ನಾನು ಬಂದಿದ್ದೀನಲ್ಲ. ನಿಮ್ಮ ಹಿಂದೆ ಇರೋರೂ ಬಂದಿದ್ದಾರಲ್ಲ."

ತಿರುಗಿ ನೋಡಿದ. ಸಾಲು ಬಾಗಿಲ ಹೊರಗಿನ ತನಕ ಇತ್ತು. ಅಷ್ಟೂ ಜನರಲ್ಲಿ ಸುದ್ದಿ ನಂಬಿದವನು ಅವನೊಬ್ಬನೇ.

ವೈದ್ಯರ ಚೀಟಿ ತೋರಿಸಿದ, ಕೈಮುಗಿದ. ಅವಳು ಕಲ್ಲುಮನಸ್ಸಿನವಳೇನಲ್ಲ, ಎರಡು ಸಲ ಹುಡುಕಿದಳು. "ಇನ್ನು ನಾಲ್ಕು ತಿಂಗಳಿಗೇ ಖಾಲಿ ಇರೋದು. ಅಷ್ಟೊತ್ತಿಗೆ ಮಗು ಹುಟ್ಟಿದ್ರೆ ಅದಕ್ಕೂ ಬೇರೆ ಅರ್ಜಿ ಹಾಕಿ. ಅದಕ್ಕೊಂದು ವರ್ಷ ಹಿಡಿಯುತ್ತೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಿತ್ತುಕೊಂಡವರು ಯಾರೂ ಇಲ್ಲ, ತಾನೇ ಚೆಲ್ಲಿಕೊಂಡಿದ್ದ. ಮಗುವಿನ ಮೊದಲ ಅಳು, ಮೊದಲ ಹೆಜ್ಜೆ, ಯಾವುದಕ್ಕೂ ತಾನಿಲ್ಲ ಎಂದುಕೊಳ್ಳುತ್ತ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತ. ಫೋನು ಬಂತು. ಹೆಂಡತಿ.

"ರೀ, ಅಲ್ಲಿ ಬಸ್ಸಿಲ್ಲ ಅಂತ ಇಲ್ಲಿ ಸುದ್ದೀಲೂ ಬಂತು. ಅತ್ತೆ ಊಟಾನೇ ಬಿಟ್ಟಿದ್ರು. ನಾನೇ ಹೇಳ್ದೆ, ಬಸ್ಸಿಲ್ದಿದ್ರೇನಂತೆ, ನಿಮ್ಮ ಮಗ ನಸುಕಲ್ಲೇ ಎದ್ದು ನಡ್ಕೊಂಡು ಹೊರಟಿರ್ತಾರೆ ಅಂತ. ತುಂಬಾ ದೂರ ಆಯ್ತಾ? ಕಾಲು ನೋಯ್ತಿದ್ಯಾ?"

ದರ್ಜಿ ತನ್ನ ಕಾಲು ನೋಡಿಕೊಂಡ. ನಡೆದರೆ ಮೂರು ಗಂಟೆಯ ದಾರಿ. ನಡೆಯಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಇಲ್ಲ ಕಣೇ," ಎಂದ. "ಸ್ವಲ್ಪಾನೂ ನೋಯ್ತಿಲ್ಲ."